ಐದು ಗಂಟೆಯೊಳಗೆ ಉತ್ತರ ಬಾರದಿದ್ದರೆ

ಡೆಲ್ಫೀನ್ ಟಾಲಿವರ್ ನೆಲಮಾಳಿಗೆಯಿಂದ ಮೆಟ್ಟಿಲು ಹತ್ತಿ ನಾಲ್ಕನೇ ಮಹಡಿಯ ತನ್ನ ಕೋಣೆ ಮುಟ್ಟಿದಾಗ ಗೋಡೆಯ ಗಡಿಯಾರದಲ್ಲಿ ಐದು ಗಂಟೆ ಏಳು ನಿಮಿಷ. ಎದೆಗೆ ಅವಚಿಕೊಂಡಿದ್ದ ಹಳೆಯ ಫೈಲಿನ ಧೂಳು ಸ್ವೆಟರಿಗೆಲ್ಲ ಮೆತ್ತಿಕೊಂಡಿತ್ತು. ಉಸಿರು ಹದಕ್ಕೆ ಬರುವ ಮೊದಲೇ ಅವಳು ಕಂಪ್ಯೂಟರಿನ ಕಡೆ ನೋಡಿದಳು. ಆರು ನಿಮಿಷದ ಹಿಂದೆ ಬಂದ ಇಮೇಲ್ ಅಲ್ಲಿ ಕೂತಿತ್ತು. ಎಲ್ಲರ ಒಪ್ಪಿಗೆಯೂ ಸಿಕ್ಕಿದೆ, ಟಿಪ್ಪಣಿಯನ್ನು ಏಳನೇ ಮಹಡಿಗೆ ಕಳಿಸಲಾಗಿದೆ, ಧನ್ಯವಾದ.

ಟಿಪ್ಪಣಿಯ ಅಡಿಯಲ್ಲಿ ಒಪ್ಪಿದವರ ಹೆಸರುಗಳಿದ್ದವು. ನಾಲ್ಕನೆಯದು ಅವಳದು. ಡಿ. ಟಾಲಿವರ್, ಸರಿ.

ಅವಳು ಸರಿ ಎಂದಿರಲಿಲ್ಲ. ಸರಿಯಲ್ಲ ಎಂದೂ ಹೇಳಿರಲಿಲ್ಲ. ತಪ್ಪು ಆಗಿದ್ದೇ ಅಲ್ಲಿ.

ವಾಷಿಂಗ್ಟನ್ನಿನ ಆ ವಿದೇಶಾಂಗ ಕಟ್ಟಡದಲ್ಲಿ ಒಬ್ಬರೇ ಬರೆದ ಕಾಗದ ಎಂಬುದು ಇರುವುದಿಲ್ಲ. ಒಬ್ಬರು ಬರೆದದ್ದನ್ನು ಹತ್ತು ಜನರಿಗೆ ಕಳಿಸಬೇಕು, ಹತ್ತೂ ಜನ ಒಪ್ಪಬೇಕು, ಆಮೇಲೆ ಅದು ಸಹಿಗಾಗಿ ಏಳನೇ ಮಹಡಿಯ ದೊಡ್ಡವರ ಬಳಿಗೆ ಹೋಗಬೇಕು. ಹತ್ತು ಜನರನ್ನು ಕಾಯುತ್ತ ಕೂತರೆ ಯಾವ ಕಾಗದವೂ ಹೊರಡುವುದಿಲ್ಲವೆಂದು ಇಮೇಲಿನ ಕೊನೆಗೆ ಒಂದು ಸಾಲು ಸೇರಿಸುವ ರೂಢಿ: ಇಂದು ಸಂಜೆ ಐದು ಗಂಟೆಯೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ಭಾವಿಸಲಾಗುವುದು. ಈ ಸಾಲನ್ನು ಡೆಲ್ಫೀನ್ ತಾನೇ ಸಾವಿರ ಸಲ ಬರೆದಿದ್ದಳು. ಇವತ್ತು ಅದು ಮಧ್ಯಾಹ್ನ ಎರಡು ಹತ್ತಕ್ಕೆ ಅವಳ ಬಳಿಗೇ ಬಂದಿತ್ತು.

ಆ ಕಟ್ಟಡದಲ್ಲಿ ಒಂದೊಂದು ದೇಶಕ್ಕೂ ಒಂದೊಂದು ಮೇಜು. ಮೇಜಿನವರು ತಾವು ನೋಡಿಕೊಳ್ಳುವ ದೇಶವನ್ನು ‘ನನ್ನ ದೇಶ’ ಎನ್ನುತ್ತಾರೆ. ಡೆಲ್ಫೀನಳ ದೇಶ ಬೆಟ್ಟಗಳದ್ದು, ಸಮುದ್ರವಿಲ್ಲದ್ದು, ಭೂಕಂಪವಾದರೆ ಮಾತ್ರ ಪತ್ರಿಕೆಯಲ್ಲಿ ಹೆಸರು ಬರುವಂಥದ್ದು. ಹತ್ತೊಂಬತ್ತು ವರ್ಷದಿಂದ ಅವಳೇ ಅದನ್ನು ನೋಡಿಕೊಳ್ಳುತ್ತಿದ್ದಳು. ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ. ಎರಡು ಸಲ ಟಿಕೆಟ್ ಆಗಿ ಎರಡು ಸಲವೂ ರದ್ದಾಗಿತ್ತು. ರಾಯಭಾರಿ ಕಚೇರಿಗಳಿಗೆ ಹೋಗಿ ಬಂದು ಮಾಡುವ ಅಧಿಕಾರಿಗಳು ಎರಡೆರಡು ವರ್ಷಕ್ಕೆ ಬದಲಾಗುತ್ತಿದ್ದರು. ಅವಳು ಟೈಪಿಸ್ಟ್ ಆಗಿ ಸೇರಿ, ಅಲ್ಲೇ ಎರಡು ಬೀದಿ ಆಚೆಯ ಕಾಲೇಜಿನಲ್ಲಿ ಒಂಬತ್ತು ವರ್ಷ ಸಂಜೆ ಪಾಠ ಕೇಳಿ ಪದವಿ ಪಡೆದು, ಮೇಜಿಗೆ ಬಂದವಳು. ಕದಲದೆ ಉಳಿದವಳು ಅವಳೊಬ್ಬಳೇ. ಅಧ್ಯಕ್ಷರುಗಳೂ ಬದಲಾಗಿದ್ದರು. ಈಗಿನವರು ಐದನೆಯವರು, ಬಂದು ಐದು ವಾರವಾಗಿತ್ತು.

ಮೊದಲನೆಯವರ ಕಾಲದಲ್ಲಿ ಜಗತ್ತಿನ ಮೂಲೆ ಮೂಲೆಗೂ ಸ್ವಾತಂತ್ರ್ಯ ಮುಟ್ಟಿಸುತ್ತೇವೆ ಎನ್ನುವ ಹುರುಪು. ಆ ಹುರುಪಿನಲ್ಲೇ ಬೆಟ್ಟದ ದೇಶದ ಗಡಿ ಊರೊಂದರಲ್ಲಿ ಸಣ್ಣ ಕಚೇರಿ ತೆರೆದು ಇಪ್ಪತ್ಮೂರು ಸ್ಥಳೀಯರನ್ನು ಕೆಲಸಕ್ಕೆ ಸೇರಿಸಿಕೊಂಡರು. ದುಭಾಷಿಗಳು, ಡ್ರೈವರುಗಳು, ಗಡಿ ದಾಟುವ ಲಾರಿಗಳಲ್ಲಿ ಏನಿದೆ ಎಂದು ಕಣ್ಣಿಟ್ಟು ಬರೆದು ಕಳಿಸುವವರು. ಊರಿನವರು ಅವರನ್ನು ಅಂದಿನಿಂದ ಅಮೆರಿಕದವರ ಗೂಢಚಾರರು ಎಂದೇ ಕರೆಯುತ್ತಿದ್ದರು, ಅಮೆರಿಕದವರು ಹೊರಟ ಮೇಲೆ ನೋಡಿಕೊಳ್ಳುತ್ತೇವೆ ಎನ್ನುತ್ತಿದ್ದರು. ಒಂದು ದಿನ ಕಚೇರಿಯ ಅಂಗಳದಲ್ಲಿ ರಾಯಭಾರಿ ನಿಂತು, ನಾವು ಈ ಊರು ಬಿಡುವ ದಿನ ಬಂದರೆ ನಿಮ್ಮನ್ನೂ ನಿಮ್ಮ ಮನೆಯವರನ್ನೂ ಕರೆದುಕೊಂಡೇ ಹೊರಡುತ್ತೇವೆ ಎಂದು ಮಾತು ಕೊಟ್ಟರು. ಆ ಮಾತನ್ನು ಡೆಲ್ಫೀನ್ ತನ್ನ ಮೊದಲ ಟಿಪ್ಪಣಿಯ ಕೊನೆಯ ಪ್ಯಾರಾ ಮಾಡಿದಳು.

ಅಧ್ಯಕ್ಷರು ಬದಲಾದಾಗಲೆಲ್ಲ ಟಿಪ್ಪಣಿಯನ್ನು ಹೊಸದಾಗಿ ಬರೆಯಬೇಕಿತ್ತು. ಆಮೇಲಿನ ವರ್ಷಗಳೆಲ್ಲ ಆ ಪ್ಯಾರಾ ಉಳಿಸಿಕೊಳ್ಳುವುದರಲ್ಲೇ ಹೋದವು. ಎರಡನೆಯವರಿಗೆ ಸ್ವಾತಂತ್ರ್ಯದ ಮಾತು ಕೇಳಿದರೆ ಮುಜುಗರ. ಮಿತ್ರರೊಂದಿಗೆ ಕೂತು ಮಾತಾಡೋಣ, ಹೆಜ್ಜೆ ನೋಡಿ ಇಡೋಣ ಎನ್ನುವವರು. ಅವರಿಗೆ ಡೆಲ್ಫೀನ್, ನಾವು ಇಪ್ಪತ್ಮೂರು ಜನಕ್ಕೆ ಮಾತು ತಪ್ಪಿದರೆ ಮಿತ್ರರು ನಮ್ಮನ್ನು ಹೇಗೆ ನಂಬುತ್ತಾರೆ ಎಂದು ಎರಡು ಅಡಿಟಿಪ್ಪಣಿ ಸಮೇತ ಬರೆದಳು. ಮೂರನೆಯವರಿಗೆ ಒಂದೇ ಪುಟ, ದೊಡ್ಡ ಅಕ್ಷರ, ಕೊನೆಯಲ್ಲಿ ಇದರಿಂದ ನಮಗೇನು ಎಂಬುದು ಇರಲೇಬೇಕು. ಅವರಿಗೆ, ಈ ಜನಕ್ಕೆ ನಮ್ಮ ಗುಟ್ಟೆಲ್ಲ ಗೊತ್ತು, ಬೇರೆಯವರ ಕೈಗೆ ಸಿಕ್ಕರೆ ನಷ್ಟ ನಮಗೇ ಎಂದು ಬರೆದಳು. ಹಾಗೆ ಬರೆದ ವಾರ ಅವಳು ಚರ್ಚಿನ ಹಾಡಿನ ತಂಡದಲ್ಲಿ ನಿಲ್ಲಲಿಲ್ಲ. ನಾಲ್ಕನೆಯವರು ಮುರಿದ ಗೆಳೆತನಗಳನ್ನು ಕೂಡಿಸಲು ಹೊರಟವರು. ಅವರಿಗೆ, ಕೊಟ್ಟ ಮಾತು ಎಂದಷ್ಟೇ ಬರೆದರೆ ಸಾಕಾಯಿತು.

"ಒಂದೇ ಗೊಂಬೆಗೆ ನಾಲ್ಕು ಅಂಗಿ ತೊಡಿಸಿದ್ದೀಯಲ್ಲೇ," ಎಂದು ಪಕ್ಕದ ಮೇಜಿನ ಇರ್ವಿನ್ ಝೆಲೆಂಕಾ ನಗುತ್ತಿದ್ದ. ಅವಳ ದೇಶದ ದಕ್ಷಿಣಕ್ಕಿರುವ ದೇಶ ಅವನದು. ಅವಳು ರಜೆ ಹಾಕಿದರೆ ಅವಳ ಮೇಜನ್ನೂ ಅವನೇ ನೋಡಿಕೊಳ್ಳುತ್ತಿದ್ದ.

ಐದನೆಯವರಿಗೆ ದೂರದ ಸಣ್ಣ ಕಚೇರಿಗಳೇ ಬೇಡ. ಟಿಪ್ಪಣಿಯನ್ನು ಈ ಸಲ ಮೇಜಿನವರು ಬರೆಯಲಿಲ್ಲ, ಹೊಸದಾಗಿ ಬಂದ ಯೋಜನಾ ತಂಡ ಬರೆಯಿತು. ಗಡಿ ಊರಿನ ಕಚೇರಿಯನ್ನು ಮೂವತ್ತು ದಿನದಲ್ಲಿ ಮುಚ್ಚುವುದು, ಅಲ್ಲಿನ ಅಮೆರಿಕನ್ನರನ್ನು ಕರೆಸಿಕೊಳ್ಳುವುದು. ಕೊನೆಯ ಪ್ಯಾರಾ ಇರಲಿಲ್ಲ.

ಎರಡು ಹತ್ತಕ್ಕೆ ಅದನ್ನು ಓದಿದೊಡನೆ ಡೆಲ್ಫೀನ್ ಉತ್ತರ ಟೈಪು ಮಾಡಿದ್ದಳು. ಒಪ್ಪಿಗೆ ಇಲ್ಲ, ಸ್ಥಳೀಯ ನೌಕರರಿಗೆ ಕೊಟ್ಟ ಮಾತು ಬಿಟ್ಟುಹೋಗಿದೆ. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ ಅನುಮಾನ ಹುಟ್ಟಿತು. ರಾಯಭಾರಿ ಮಾತು ಕೊಟ್ಟದ್ದು ಅಕ್ಟೋಬರ್ ಹದಿನಾಲ್ಕೋ ಹದಿನಾರೋ? ಅದು ಪತ್ರವೋ, ಸಭೆಯ ನಡಾವಳಿಯೋ? ಹೊಸ ತಂಡದವರು ಪುರಾವೆ ಕೇಳಿದರೆ, ಸಂಜೆ ಕಾಲೇಜಿನ ಹೆಂಗಸು ನೆನಪಿನ ಮೇಲೆ ಮಾತಾಡುತ್ತಾಳೆ ಎಂದುಕೊಂಡರೆ? ಒಂದು ಸಲ ಕಣ್ಣಾರೆ ನೋಡಿಬಿಡೋಣ ಎಂದು ನೆಲಮಾಳಿಗೆಗೆ ಇಳಿದಳು. ಕಡತ ಸಿಕ್ಕಿದ್ದು ನಾಲ್ಕು ಐವತ್ತಕ್ಕೆ. ಲಿಫ್ಟ್ ಕೆಟ್ಟಿತ್ತು. ಎರಡನೇ ಮಹಡಿಯ ಬಾಗಿಲು ಅವಳ ಕಾರ್ಡನ್ನು ಮೂರು ಸಲ ಉಜ್ಜಿದ ಮೇಲೆ ಗುರುತಿಸಿತು.

ತಾರೀಕು ಹದಿನಾಲ್ಕೇ ಆಗಿತ್ತು. ಅವಳ ನೆನಪು ಸರಿಯಾಗಿತ್ತು.

ವಿಭಾಗದ ಮುಖ್ಯಸ್ಥ ಹಾರ್ಲನ್ ಪ್ರೂಯಿಟ್ ಕೋಟಿನ ಒಂದು ತೋಳು ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದ. ಅವಳಿಗಿಂತ ಹದಿನೆಂಟು ವರ್ಷ ಚಿಕ್ಕವನು, ಮರ್ಯಾದೆಯಿಂದ ಮಾತಾಡುವವನು. ಅವನ ಮರ್ಯಾದೆಯ ಆಚೆಗೆ ದಾಟುವುದು ಯಾರಿಗೂ ಸುಲಭವಲ್ಲ.

"ಹಾರ್ಲನ್, ನಾನು ಒಪ್ಪಿಗೆ ಕೊಟ್ಟಿಲ್ಲ."

"ಉತ್ತರ ಬಂದಿರಲಿಲ್ಲವಲ್ಲ."

"ಪುರಾವೆ ತರೋಕೆ ಕೆಳಗೆ ಹೋಗಿದ್ದೆ. ನೋಡಿ, ಇಲ್ಲಿದೆ."

ಅವನು ಫೈಲು ಮುಟ್ಟಲಿಲ್ಲ. "ಡೆಲ್ಫೀನ್, ಮೂರು ಗಂಟೆ ಟೈಮಿತ್ತು. ಒಪ್ಪಲ್ಲ ಅಂತ ಒಂದು ಸಾಲು ಹಾಕಿದ್ದರೆ ಸಾಕಿತ್ತು. ಪುರಾವೆ ನಾಳೆ ಕೊಡಬಹುದಿತ್ತು."

ಅದು ನಿಜವೆಂದು ಅವಳಿಗೆ ಆ ಕ್ಷಣದಲ್ಲಿ ಹೊಳೆಯಿತು. ಫೈಲನ್ನು ಮತ್ತೆ ಎದೆಗೆ ಅವಚಿಕೊಂಡಳು.

"ಇಪ್ಪತ್ಮೂರು ಮನೆ, ಹಾರ್ಲನ್."

"ನನಗೂ ಬೇಜಾರಿದೆ. ಭಿನ್ನಾಭಿಪ್ರಾಯ ಬರೆದು ಕಳಿಸೋ ದಾರಿ ಇದ್ದೇ ಇದೆ. ಬರೀರಿ. ಅದನ್ನ ಬರೆದವರಿಗೆ ಯಾರೂ ತೊಂದರೆ ಕೊಡೋ ಹಾಗಿಲ್ಲ, ನಿಯಮ ಇದೆ."

"ಅದಕ್ಕೆ ಉತ್ತರ ಬರೋಕೆ ಎರಡು ತಿಂಗಳು."

"ಹೌದು."

"ಕಚೇರಿ ಮುಚ್ಚೋದು ಒಂದು ತಿಂಗಳಿಗೆ."

ಅವನು ಕೋಟಿನ ಗುಂಡಿ ಹಾಕಿಕೊಂಡ. "ನಾಳೆ ಹತ್ತು ಗಂಟೆಗೆ ಸಹಿ ಆಗುತ್ತೆ. ಅಲ್ಲೀವರೆಗೆ ಹೊರಗಿನ ಯಾರ ಹತ್ತಿರಾನೂ ಇದರ ಮಾತೆತ್ತಬೇಡಿ. ನಿಮಗೆ ಹೇಳಬೇಕಾಗಿಲ್ಲ ಅಂತ ಗೊತ್ತು."

ಅವಳು ಮತ್ತೆ ಮೆಟ್ಟಿಲು ಹಿಡಿದು ಏಳನೇ ಮಹಡಿಗೆ ಹತ್ತಿದಳು. ಅಲ್ಲಿ ಕಾಗದಗಳನ್ನು ಬರಮಾಡಿಕೊಂಡು ಸಾಲಾಗಿ ಜೋಡಿಸುವ ಕಾರ್ಯಾಲಯದಲ್ಲಿ, ಗಾಜಿನ ಹಿಂದೆ, ಕನ್ನಡಕದ ಯುವತಿಯೊಬ್ಬಳು ಮೊಸರಿನ ಡಬ್ಬಿ ತೆರೆದು ತಿನ್ನುತ್ತಿದ್ದಳು. ಡೆಲ್ಫೀನ್ ತನ್ನ ಹೆಸರನ್ನು ತೆಗೆಯಬೇಕು ಎಂದಳು.

"ತೆಗೀಬಹುದು ಮೇಡಂ. ಆದ್ರೆ ಮೇಜಿನವರ ಹೆಸರಿಲ್ಲದೆ ಕಾಗದ ಒಳಗೆ ಹೋಗಲ್ಲ. ವಾಪಸ್ ಕೆಳಗೆ ಕಳಿಸಬೇಕಾಗುತ್ತೆ."

"ಕಳಿಸಿ."

"ನಿಮ್ಮ ಮುಖ್ಯಸ್ಥರಿಗೆ ಗೊತ್ತಾ?"

"ಗೊತ್ತಾಗುತ್ತೆ."

ಯುವತಿ ಚಮಚ ಕೆಳಗಿಟ್ಟು ಹೆಸರು ಅಳಿಸಿದಳು. ಅಷ್ಟೇ ಸುಲಭವಾಗಿತ್ತು. ಊರಾಚೆಯ ಚೆವರ್ಲಿಗೆ ಹೋಗುವ ರೈಲಿನಲ್ಲಿ ಡೆಲ್ಫೀನ್ ನಿಂತುಕೊಂಡೇ ಮನೆಗೆ ಹೋದಳು. ಜಾಗವಿದ್ದರೂ ಕೂರಬೇಕೆನ್ನಿಸಲಿಲ್ಲ. ಕಾಗದ ನಿಂತಿದೆ, ನಾಳೆ ಬೆಳಗ್ಗೆ ತನ್ನನ್ನು ಕರೆಯಲೇಬೇಕು, ಕರೆದರೆ ಪ್ಯಾರಾ ಸೇರಿಸಿಯೇ ಒಪ್ಪಿಗೆ ಕೊಡುತ್ತೇನೆ. ಐದನೆಯವರಿಗೆ ಹಿಡಿಸುವಂತೆ ಯಾವ ಅಂಗಿ ತೊಡಿಸಲಿ ಎಂದು ಮೂರು ನಿಲ್ದಾಣದವರೆಗೂ ಯೋಚಿಸಿದಳು. ಒಂದೇ ಸಲಕ್ಕೆ ಕೆಲಸ ಮುಗಿಸಿ ಬಾಗಿಲು ಹಾಕಿಕೊಂಡು ಬರುತ್ತೇವೆ, ಯಾರನ್ನೂ ಹಿಂದೆ ಬಿಟ್ಟಿಲ್ಲವಾದ್ದರಿಂದ ಮತ್ತೆ ಅಲ್ಲಿಗೆ ಹೋಗುವ ಪ್ರಮೇಯವೇ ಇರುವುದಿಲ್ಲ. ಇದು ಅವರಿಗೆ ಹಿಡಿಸಬಹುದು. ಜೇಬಿನಲ್ಲಿದ್ದ ಅಂಗಡಿ ಚೀಟಿಯ ಹಿಂದೆ ಬರೆದುಕೊಂಡಳು.

ಮರುದಿನ, ಶುಕ್ರವಾರ, ಬೆಳಗ್ಗೆ ಎಂಟಕ್ಕೆ ಕೋಣೆಗೆ ಬಂದರೆ ಇರ್ವಿನ್ ಅವಳ ಕುರ್ಚಿಯ ಎದುರಿನ ಸ್ಟೂಲಿನಲ್ಲಿ ಕೂತಿದ್ದ. ಮೇಜಿನ ಮೇಲೆ ಎರಡು ಲೋಟ ಕಾಫಿ. ಎರಡಕ್ಕೂ ಅವನೇ ಸಕ್ಕರೆ ಹಾಕಿಸಿದ್ದ. ಅವಳು ಸಕ್ಕರೆ ಬಿಟ್ಟು ಆರು ವರ್ಷವಾಗಿತ್ತು, ಅದು ಅವನಿಗೆ ಗೊತ್ತಿತ್ತು.

"ಏನ್ ಮಹಾತಾಯಿ, ನಿನ್ನ ದೇಶ ಹೇಗಿದೆ?"

"ಭೂಪಟದಲ್ಲಿ ಇನ್ನೂ ಇದೆ," ಎಂದು ಅವಳು ಎಂದಿನಂತೆ ಉತ್ತರಿಸಿದಳು. ಅವನು ಎಂದಿನಂತೆ ನಗಲಿಲ್ಲ.

"ಏಳನೇ ಮಹಡಿಗೆ ಹೋಗಿದ್ಯಂತೆ."

"ಹೋಗಿದ್ದೆ."

"ಮನೆಗೆ ಫೋನ್ ಮಾಡಿದ್ದ ಹಾರ್ಲನ್. ನಾನು ಸಾರು ಕುಡೀತಾ ಇದ್ದೆ. ಕಾಗದ ವಾಪಸ್ ಬಂದಿದೆ, ಮೇಜಿನ ಪರವಾಗಿ ಯಾರಾದ್ರೂ ಹೆಸರು ಹಾಕಬೇಕು, ನೀನು ಅವಳ ಬದಲಿ ಅಲ್ವಾ ಅಂದ."

ಅವಳು ಕೋಟು ಬಿಚ್ಚುತ್ತಿದ್ದವಳು ಅಲ್ಲೇ ನಿಂತಳು. ಒಂದು ತೋಳು ಒಳಗೇ ಉಳಿಯಿತು.

"ನಾನು ರಜೆ ಹಾಕಿರಲಿಲ್ಲ, ಇರ್ವಿನ್."

"ಅದನ್ನೇ ಅಂದೆ. ಮೇಜಿನ ಅಧಿಕಾರಿ ಹಿಂದೆ ಸರಿದಿದ್ದಾರೆ ಅಂದ್ರೆ ಮೇಜು ಖಾಲಿ ಇದ್ದ ಹಾಗೇನೇ ಅಂದ. ನಿಯಮ ತೆಗೆದು ಓದಿದ ಫೋನಲ್ಲೇ. ನಿಜವಾಗ್ಲೂ ಹಾಗೇ ಇದೆ ಅದರಲ್ಲಿ."

"ನೀನು ಹಾಕ್ದೆ."

"ನಾನು ಹಾಕದಿದ್ರೆ ಅಟ್ಲಾಂಟಾದಿಂದ ಮೊನ್ನೆ ಬಂದಿರೋ ಆ ಹುಡುಗಿ ಹತ್ರ ಹಾಕಿಸ್ತಿದ್ದ. ಅವಳಿಗೆ ನಿನ್ನ ದೇಶದ ರಾಜಧಾನಿ ಹೆಸರು ಗೊತ್ತಿಲ್ಲ."

"ನಿನಗೆ ಗೊತ್ತಲ್ಲ. ಗೊತ್ತಿದ್ದು ಹಾಕ್ದೆ."

ಇರ್ವಿನ್ ಕಾಫಿ ಲೋಟದ ಮುಚ್ಚಳವನ್ನು ತೆಗೆದು ಮತ್ತೆ ಹಾಕಿದ. ಮೂವತ್ತು ವರ್ಷ ಅವನ ಜೊತೆ ಕ್ಯಾಂಟೀನಿನ ಒಂದೇ ಮೂಲೆಯಲ್ಲಿ ಊಟ ಮಾಡಿದ್ದಳು. ಅವನ ಹೆಂಡತಿ ಸತ್ತಾಗ ಮೂರು ದಿನ ಅವನ ಮನೆಗೆ ಕೋಳಿ, ಸೊಪ್ಪು, ಜೋಳದ ಬ್ರೆಡ್ಡು ಮಾಡಿ ಒಯ್ದಿದ್ದಳು.

"ಡೆಲ್, ನನ್ನ ಮೇಜನ್ನೂ ಮುಚ್ಚೋ ಪಟ್ಟಿಲಿ ಹಾಕಿದ್ದಾರೆ," ಎಂದ ಅವನು. "ಇದು ನೆಪ ಅಲ್ಲ. ಸುಮ್ನೆ ಹೇಳಿದೆ."

ಅವಳಿಗೆ ಅವನನ್ನು ಬೈಯುವ ಆಸೆಯಾಯಿತು. ಆದರೆ ಮಾತು ಬಾಯಿಗೆ ಬರುವ ಮೊದಲೇ ಅದರ ಹಿಂದೆ ಇನ್ನೊಂದು ಬಂದು ನಿಂತಿತು. ನಿನ್ನೆ ಎರಡು ಹತ್ತರಿಂದ ಐದರವರೆಗೆ ನೀನೇನು ಮಾಡುತ್ತಿದ್ದೆ? ಹೆಸರು ತೆಗೆಸಿದ್ದರಿಂದ ಆದದ್ದಾದರೂ ಏನು? ಅವಳ ಹೆಸರಿದ್ದರೆ ಅವಳೇ ಒಪ್ಪಿದಂತೆ. ಹೆಸರು ತೆಗೆದರೆ ಅವಳು ಆ ಕೋಣೆಯಲ್ಲೇ ಇಲ್ಲದಂತೆ. ಕಾಗದ ಮಾತ್ರ ಎರಡು ದಾರಿಯಲ್ಲೂ ಹೊರಟೇಹೋಗುತ್ತಿತ್ತು. ಚೀಟಿ ಅವಳ ಕೋಟಿನ ಜೇಬಿನಲ್ಲೇ ಇತ್ತು.

"ಹೋಗು, ಇರ್ವಿನ್. ಒಂಬತ್ತಕ್ಕೆ ನನಗೆ ಫೋನ್ ಬರುತ್ತೆ."

ಅವನು ತನ್ನ ಲೋಟ ಎತ್ತಿಕೊಂಡು ಹೋದ. ಬಾಗಿಲನ್ನು ಅರ್ಧ ಮುಚ್ಚಿದ, ಮತ್ತೆ ತೆರೆದಿಟ್ಟು ಹೋದ.

ಪ್ರತಿ ಶುಕ್ರವಾರ ಒಂಬತ್ತಕ್ಕೆ, ಅಲ್ಲಿ ಸಂಜೆಯಾದಾಗ, ಗಡಿ ಊರಿನಿಂದ ಇಲ್ದಾರ್ ಕರೆ ಮಾಡುತ್ತಿದ್ದ. ಇಪ್ಪತ್ಮೂರು ಜನರಲ್ಲಿ ಹಿರಿಯ ಅವನು, ದುಭಾಷಿಯಾಗಿ ಸೇರಿದವನು. ವಾರದ ಸುದ್ದಿ ಒಪ್ಪಿಸಿದ ಮೇಲೆ ಅವನ ತೋಟದ ಸೇಬಿನ ವಿಷಯ, ಅವಳ ಮಂಡಿನೋವಿನ ವಿಷಯ. ಅಧ್ಯಕ್ಷರು ಬದಲಾದಾಗಲೆಲ್ಲ ಅವನು ಒಂದೇ ಪ್ರಶ್ನೆ ಕೇಳುತ್ತಿದ್ದ, ನಮ್ಮ ಪ್ಯಾರಾ ಇದೆಯಾ ಎಂದು. ಸಹಿಯಾಗುವ ಮೊದಲು ಹೇಳುವ ಹಾಗಿಲ್ಲವೆಂದು ಅವನಿಗೂ ಗೊತ್ತಿತ್ತು. ಅವಳು ಸುಮ್ಮನಿರುತ್ತಿದ್ದಳು. ಅವನು ನಕ್ಕು ಬೇರೆ ಮಾತಿಗೆ ಹೋಗುತ್ತಿದ್ದ. ಮೂರು ಸಲ ಹಾಗೇ ಆಗಿತ್ತು, ಮೂರು ಸಲವೂ ಒಳ್ಳೆಯದೇ ಆಗಿತ್ತು.

ಒಂಬತ್ತಕ್ಕೆ ಸರಿಯಾಗಿ ಫೋನು ಬಂತು.

"ನಮಸ್ಕಾರ ಟಾಲಿವರ್ ಮೇಡಂ. ಮಂಡಿ ಹೇಗಿದೆ?"

"ಮೆಟ್ಟಿಲು ಹತ್ತಿ ಹತ್ತಿ ಊದಿದೆ."

"ಲಿಫ್ಟಿಲ್ವಾ ಅಷ್ಟು ದೊಡ್ಡ ದೇಶದಲ್ಲಿ?"

"ಇದೆ. ನಡೆಯಲ್ಲ."

ಅವನು ನಕ್ಕ. ಆ ವಾರ ಹಿಮ ಬಿದ್ದು ಗಡಿ ಮುಚ್ಚಿದ್ದು, ಲಾರಿಗಳು ಎರಡು ಮೈಲಿ ಸಾಲುಗಟ್ಟಿ ನಿಂತದ್ದು, ಎಲ್ಲವನ್ನೂ ಹೇಳಿದ. ಅವಳು ಬರೆದುಕೊಂಡಳು. ಅವನ ದನಿಯ ಹಿಂದೆ ಯಾರೋ ಸೌದೆ ಒಡೆಯುವ ಸದ್ದು.

"ಮೇಡಂ, ಕೇಳಬಾರದು ಅಂತ ಗೊತ್ತು. ಆದ್ರೂ ಕೇಳ್ತೀನಿ. ಹೊಸಬರ ಕಾಗದ ಬಂತಂತೆ. ನಮ್ಮ ಪ್ಯಾರಾ ಇದೆಯಾ?"

ಅವಳು ಗೋಡೆಯ ಗಡಿಯಾರ ನೋಡಿದಳು. ಒಂಬತ್ತು ಹದಿನೇಳು. ಸಹಿಗೆ ನಲವತ್ತಮೂರು ನಿಮಿಷ. ತೆರೆದ ಬಾಗಿಲಿನಾಚೆ ಯಾರದೋ ಬೂಟಿನ ಸದ್ದು ಹೋಯಿತು.

ಇಲ್ಲ ಎನ್ನುವುದು ಸಣ್ಣ ಪದ. ಆದರೆ ಅದರ ಹಿಂದೆ ಎಷ್ಟೊಂದು ನಿಂತಿತ್ತು. ಹೇಳಿದರೆ ಮೇಜು ಹೋಗುತ್ತದೆ, ಮೇಜು ಹೋದರೆ ಆರನೆಯವರ ಕಾಲದಲ್ಲಿ ಆ ಪ್ಯಾರಾವನ್ನು ಮತ್ತೆ ಬರೆಯುವವರು ಯಾರು? ಹತ್ತು ಗಂಟೆಯಾಗಲಿ, ಸಹಿಯಾಗಲಿ, ಆಮೇಲೆ ನಿಯಮದಂತೆಯೇ ಹೇಳಬಹುದಲ್ಲ. ಆಮೇಲೆ ಅವರಿಗೆ ಹೇಳುವವರು ಅವಳಾಗಿರುವುದಿಲ್ಲ, ಕಚೇರಿಯ ಬಾಗಿಲಿಗೆ ಅಂಟಿಸುವ ಕಾಗದ ಎನ್ನುವುದೂ ಅವಳಿಗೆ ಗೊತ್ತಿತ್ತು. ಊರಿನವರೂ ಅದೇ ಹೊತ್ತಿಗೆ ಅದನ್ನು ಓದುತ್ತಾರೆ. ಅದೂ ಅಲ್ಲದೆ, ತನ್ನ ಎಣಿಕೆ ತಪ್ಪಿದ್ದರೆ? ಹತ್ತಕ್ಕೆ ಸಹಿ ಮಾಡುವವರೇ ಇದೇನು ಇಪ್ಪತ್ಮೂರು ಜನ ಎಂದು ಕೇಳಿದರೆ? ಒಂದು ಸಲ ಖಚಿತ ಮಾಡಿಕೊಂಡು...

"ಸರಿ ಬಿಡಿ ಮೇಡಂ," ಎಂದ ಇಲ್ದಾರ್. ಅವನ ದನಿ ಹಗುರಾಗಿತ್ತು. "ಪ್ರತಿ ಸಲಾನೂ ನೀವು ಹೀಗೇ ಸುಮ್ಮನಾಗ್ತೀರಿ. ಕೆಟ್ಟದ್ದಿದ್ರೆ ನೀವು ಸುಮ್ಮನಿರೋರಲ್ಲ ಅಂತ ನಾನು ಇವರಿಗೆಲ್ಲ ಹೇಳ್ತಾ ಇರ್ತೀನಿ. ಇಲ್ಲೇ ಕೂತಿದ್ದಾರೆ ಎಲ್ಲ, ಒಲೆ ಸುತ್ತ. ಇದೆಯಂತೆ ಅಂತ ಹೇಳಿಬಿಡ್ತೀನಿ. ಮುಂದಿನ ವಾರ..."

"ಇಲ್ದಾರ್, ಫೋನ್ ಇಡಬೇಡಿ."

"ಇಲ್ಲ ಮೇಡಂ, ಇಟ್ಟಿಲ್ಲ."

"ಇಲ್ಲ. ಪ್ಯಾರಾ ಇಲ್ಲ."

ಸೌದೆ ಒಡೆಯುವ ಸದ್ದು ಎರಡು ಸಲ ಕೇಳಿತು. ಆಮೇಲೆ ಅವನು ತನ್ನ ಭಾಷೆಯಲ್ಲಿ ಯಾರಿಗೋ ಏನೋ ಅಂದ, ಆ ಸದ್ದೂ ನಿಂತಿತು.

"ಎಷ್ಟು ದಿನ?"

"ಮೂವತ್ತು. ಇವತ್ತಿನ ಸಹಿ ಆದ ಮೇಲೆ."

"ಊರಿನವರಿಗೆ ಯಾವಾಗ ಗೊತ್ತಾಗುತ್ತೆ?"

"ಬಹುಶಃ ಸೋಮವಾರ. ಬಾಗಿಲಿಗೆ ಅಂಟಿಸ್ತಾರೆ."

"ಹಾಗಾದ್ರೆ ಶನಿವಾರ, ಭಾನುವಾರ ಇದೆ," ಎಂದ ಅವನು. ಲಾರಿಗಳ ಸುದ್ದಿ ಹೇಳುವ ದನಿಯೇ ಅದು. "ದಕ್ಷಿಣದ ದಾರೀಲಿ ಹಿಮ ಕಮ್ಮಿ. ಮಕ್ಕಳಿರೋ ಮನೆಯವರು ಮೊದಲು ಹೊರಡಲಿ. ಹೋಗಿ ಸೇರಿದವರು ಎಲ್ಲಿಗೆ ಬರೀಬೇಕು ಮೇಡಂ? ನೀವು ಅಲ್ಲೇ ಇರ್ತೀರಲ್ಲ?"

"ಗೊತ್ತಿಲ್ಲ, ಇಲ್ದಾರ್. ಮನೆ ವಿಳಾಸ ಬರ್ಕೊಳ್ಳಿ." ಅವಳು ಹೇಳಿದಳು. ಬೀದಿಯ ಹೆಸರನ್ನು ಎರಡು ಸಲ ಅಕ್ಷರ ಬಿಡಿಸಿ ಹೇಳಿದಳು. ಅವನು ತಿರುಗಿ ಓದಿ ಒಪ್ಪಿಸಿದ. ಮಂಡಿಗೆ ಎಣ್ಣೆ ಬಿಸಿ ಮಾಡಿ ಹಚ್ಚಿ ಎಂದು ಹೇಳಿ ಫೋನಿಟ್ಟ.

ಹೊರದೇಶದ ಪ್ರತಿ ಕರೆಗೂ ಒಂದು ನಮೂನೆ ತುಂಬಬೇಕು. ಯಾರು ಕರೆ ಮಾಡಿದರು, ಏನು ಕೇಳಿದರು, ಏನು ಹೇಳಲಾಯಿತು, ಅದನ್ನು ಹೇಳಲು ಒಪ್ಪಿದವರು ಯಾರು. ಹಿಮದ ಬಗ್ಗೆ ಬರೆದಳು, ಲಾರಿಗಳ ಬಗ್ಗೆ ಬರೆದಳು. ಮೂರನೆಯ ಜಾಗದಲ್ಲಿ, ಟಿಪ್ಪಣಿಯಲ್ಲಿ ಪ್ಯಾರಾ ಇಲ್ಲವೆಂದು ತಿಳಿಸಿದೆ, ಕಚೇರಿ ಮೂವತ್ತು ದಿನದಲ್ಲಿ ಮುಚ್ಚುತ್ತದೆಂದು ತಿಳಿಸಿದೆ, ಸಮಯ ಒಂಬತ್ತು ಹತ್ತೊಂಬತ್ತು ಎಂದು ಬರೆದಳು. ಹತ್ತೊಂಬತ್ತೋ ಇಪ್ಪತ್ತೋ ಎಂದು ಒಂದು ಗಳಿಗೆ ಅನುಮಾನ ಬಂತು. ಎದ್ದು ಹೋಗಿ ನೋಡುವಂಥದ್ದು ಏನೂ ಇರಲಿಲ್ಲ. ಹಾಗೇ ಬಿಟ್ಟಳು. ಒಪ್ಪಿದವರ ಹೆಸರಿನ ಜಾಗದಲ್ಲಿ ಯಾರ ಹೆಸರನ್ನೂ ಹಾಕದೆ ಹಾರ್ಲನ್ ಪ್ರೂಯಿಟ್‌ಗೆ ಕಳಿಸಿದಳು.

ಹತ್ತು ನಿಮಿಷದಲ್ಲಿ ಅವಳ ಫೋನಿನ ಮೇಲೆ ಹಾರ್ಲನ್ನನ ಕೋಣೆಯ ದೀಪ ಮಿನುಗಿತು. ಅವಳು ಎತ್ತಿ, ಬಂದೆ ಎಂದಷ್ಟೇ ಹೇಳಿ ಇಟ್ಟಳು.

ಬಾಗಿಲಲ್ಲಿ ಇರ್ವಿನ್ ನಿಂತಿದ್ದ. ಎಷ್ಟು ಹೊತ್ತಿನಿಂದಲೋ ತಿಳಿಯದು.

"ಏನ್ ಮಾಡ್ದೆ, ಮಹಾತಾಯಿ?"

"ಕೇಳಿದ್ರು. ಉತ್ತರ ಕೊಟ್ಟೆ."

ಅವನು ಬಾಗಿಲಿನಿಂದ ಸರಿದು ದಾರಿ ಬಿಟ್ಟ. ಮೇಜಿನ ಮೇಲೆ ಸಕ್ಕರೆ ಹಾಕಿದ ಕಾಫಿ ಆರಿಹೋಗಿತ್ತು. ಡೆಲ್ಫೀನ್ ನೆಲಮಾಳಿಗೆಯಿಂದ ತಂದ ಫೈಲನ್ನು ಎತ್ತಿಕೊಂಡಳು, ಧೂಳು ಒರೆಸಿದಳು. ಕುತ್ತಿಗೆಯ ಕಾರ್ಡನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, ಊದಿದ ಮಂಡಿಯನ್ನು ಎಳೆಯುತ್ತ ಹಾರ್ಲನ್ನನ ಕೋಣೆಯ ಕಡೆ ನಡೆದಳು.